ಫರ್ಗಸ್ಸನ ಕಡೆಯ ಬೆಟ್ಟ

ಎಲ್ಲಕ್ಕೂ ಕಾರಣ ಒಂದು ಸ್ಕೋನು. ಅಂಗೈಯಗಲದ, ಆಗತಾನೇ ಒಲೆಯಿಂದ ತೆಗೆದ, ಒಡೆದರೆ ಹಬೆಯಾಡುವ ಒಂದು ಬನ್ನು. ಅದರ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ರಾಸ್‌ಬೆರಿ ಜಾಮು. ಹನ್ನೊಂದು ವರ್ಷದ ಹಿಂದೆ ಒಂದು ಶನಿವಾರ ಫರ್ಗಸ್ ಗೆಡಿಸ್ ಅದನ್ನು ತಿನ್ನದೇ ಇದ್ದಿದ್ದರೆ ಈ ಹೊತ್ತಿಗೂ ಮರ್ಯಾದಸ್ಥನಾಗಿಯೇ ಇರುತ್ತಿದ್ದ.

ಫರ್ಗಸ್ ಪರ್ತ್ ಪಟ್ಟಣದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಆ ಕಚೇರಿಗೊಂದು ಚಾರಣ ಸಂಘ. ಸ್ಕಾಟ್ಲೆಂಡಿನಲ್ಲಿ ಮೂರು ಸಾವಿರ ಅಡಿ ದಾಟಿದ ಬೆಟ್ಟಕ್ಕೆ ಮನ್ರೋ ಎನ್ನುತ್ತಾರೆ. ಆಗಿನ ಪಟ್ಟಿಯಲ್ಲಿ ಇನ್ನೂರ ಎಪ್ಪತ್ತೇಳು ಇದ್ದವು. ಅಷ್ಟನ್ನೂ ಒಂದೊಂದಾಗಿ ಹತ್ತಿ ಮುಗಿಸುವುದು ಇಲ್ಲಿಯ ಜನಕ್ಕೆ ಒಂದು ವ್ರತ. ಮಳೆ, ಚಳಿ, ಮಂಡಿನೋವು ಯಾವುದನ್ನೂ ಲೆಕ್ಕಿಸದೆ ಹತ್ತುತ್ತಾರೆ, ಇಳಿಯುತ್ತಾರೆ, ಪಟ್ಟಿಯಲ್ಲಿ ಗೀಟು ಹಾಕುತ್ತಾರೆ. ಫರ್ಗಸ್ಸನೂ ಹಾಗೆಯೇ ಮೂವತ್ತಾರು ಬೆಟ್ಟ ಹತ್ತಿದ್ದ. ನಿಜವಾಗಿ ಹತ್ತಿದ್ದ.

ಮೂವತ್ತೇಳನೆಯದಕ್ಕೆ ಹೊರಟ ದಿನ ಬಸ್ಸು ಬದಲಿಸಲು ಕಿಂಡಾರಕ್ ಎಂಬ ಊರಿನಲ್ಲಿ ಇಳಿದ. ಹೈಲ್ಯಾಂಡಿನ ಬೆಟ್ಟಗಳ ನಡುವೆ ಕೂತ ಪ್ರವಾಸಿಗರ ಊರು. ಒಂದೇ ಬೀದಿ, ಬೀದಿಯ ತುಂಬ ಉಣ್ಣೆ ಅಂಗಡಿ, ಬೀದಿಯ ಕೊನೆಗೆ ಬೆನ್ ಗಾರವ್ ಬೆಟ್ಟ. ಮಳೆ ಹಿಡಿಯಿತು. ಐದು ನಿಮಿಷ ಅಂತ ಶೋನಾ ಎಂಬಾಕೆಯ ಟೀ ಅಂಗಡಿಗೆ ನುಗ್ಗಿದ. ಒಂದು ಸ್ಕೋನು ತಿಂದ. ಇನ್ನೊಂದು ತಿಂದ. ಮಳೆ ನಿಲ್ಲುವ ಹೊತ್ತಿಗೆ ವಾಪಸು ಬಸ್ಸಿನ ಸಮಯವಾಗಿತ್ತು.

ಮನೆಗೆ ಬಂದಾಗ ಹೆಂಡತಿ ಎಫಿ, "ಹೇಗಿತ್ತು ಮೇಲೆ?" ಎಂದು ಕೇಳಿದಳು.

"ಮಂಜು. ಏನೂ ಕಾಣಲಿಲ್ಲ," ಎಂದ ಫರ್ಗಸ್.

ಸ್ಕಾಟ್ಲೆಂಡಿನ ಯಾವ ಬೆಟ್ಟದ ಬಗ್ಗೆ ಕೇಳಿದರೂ ಈ ಉತ್ತರ ಸರಿಹೋಗುತ್ತದೆ. ಎಫಿ ಅಡುಗೆಮನೆ ಗೋಡೆಯ ನಕ್ಷೆಗೆ ಒಂದು ಕೆಂಪು ಗುಂಡುಪಿನ್ನು ಚುಚ್ಚಿ ಗಂಡನ ಒದ್ದೆ ಕಾಲುಚೀಲ ಒಣಹಾಕಿದಳು. ಇಷ್ಟು ಸುಲಭವೇ ಎಂದು ಫರ್ಗಸ್ಸನಿಗೆ ಆಶ್ಚರ್ಯವಾಯಿತು. ಮುಂದಿನ ಶನಿವಾರ ಮತ್ತೆ ಕಿಂಡಾರಕ್‌ಗೆ ಹೋದ. ಅದರ ಮುಂದಿನ ಶನಿವಾರವೂ ಹೋದ.

ಹನ್ನೊಂದು ವರ್ಷದಲ್ಲಿ ಆ ಊರು ಅವನನ್ನು ತನ್ನವನನ್ನಾಗಿ ಮಾಡಿಕೊಂಡಿತು. ಶೋನಾ ಕಿಟಕಿ ಪಕ್ಕದ ಕುರ್ಚಿಗೆ ಅವನ ಬೆನ್ನಿಗೆ ಹಿತವಾಗುವಂತೆ ಒಂದು ದಿಂಬು ಹೊಲಿದಿಟ್ಟಳು. ಮಾಂಸದಂಗಡಿಯ ಟಾರ್ಕಿಲ್ ಮಧ್ಯಾಹ್ನ ಬಂದು ಅವನ ಜೊತೆ ಇಸ್ಪೀಟು ಆಡುತ್ತಿದ್ದ. ಪಾದ್ರಿ ಗಿಲ್ಲೀಸ್ ಭಾನುವಾರದ ಉಪದೇಶವನ್ನು ಶನಿವಾರವೇ ಅವನಿಗೆ ಓದಿ ಹೇಳಿ, ಅವನು ಎಲ್ಲಿ ಆಕಳಿಸಿದನೋ ಅಲ್ಲಿ ಕತ್ತರಿ ಹಾಕುತ್ತಿದ್ದರು. ಮನೆಯಲ್ಲಿ ತಾನು ಏನು ಹೇಳಿ ಬರುತ್ತೇನೆಂಬುದನ್ನು ಮಾತ್ರ ಫರ್ಗಸ್ ಅಲ್ಲಿ ಯಾರಿಗೂ ಹೇಳಿರಲಿಲ್ಲ. ಅತ್ತ ಪರ್ತ್‌ನ ಅಡುಗೆಮನೆ ಗೋಡೆಯ ಮೇಲೆ ಪಿನ್ನುಗಳು ಇನ್ನೂರ ಎಪ್ಪತ್ತಾರು ಆದವು. ಉಳಿದದ್ದು ಬೆನ್ ಗಾರವ್ ಒಂದೇ. ಅದು ಟೀ ಅಂಗಡಿಯ ಕಿಟಕಿಯಿಂದ ನೇರಕ್ಕೆ ಕಾಣುತ್ತಿತ್ತು. ಕಣ್ಣೆದುರಿಗೇ ನಿಂತಿರುವ ಬೆಟ್ಟದ ಮೇಲೆ ಸುಳ್ಳು ಹೇಳಲು ಅವನಿಗೆ ಯಾಕೋ ಮನಸ್ಸು ಬಂದಿರಲಿಲ್ಲ.

ಒಂದೇ ಪಿನ್ನು ಬಾಕಿ ಎಂದು ಎಫಿಗೆ ಗೊತ್ತಾದದ್ದೇ ತಡ, ಕಚೇರಿಗೂ ಗೊತ್ತಾಯಿತು. ಕಡೆಯ ಬೆಟ್ಟವನ್ನು ಯಾರೂ ಒಬ್ಬರೇ ಹತ್ತುವುದಿಲ್ಲ, ಅದು ಇಲ್ಲಿಯ ಪದ್ಧತಿ. ನೆಂಟರು, ಸ್ನೇಹಿತರು ಜೊತೆಗೆ ಹತ್ತುತ್ತಾರೆ, ತುದಿಯಲ್ಲಿ ವಿಸ್ಕಿ ಕುಡಿಯುತ್ತಾರೆ, ವಾದ್ಯ ನುಡಿಸುತ್ತಾರೆ. ಸಂಘದ ಅಧ್ಯಕ್ಷರೂ ಫರ್ಗಸ್ಸನ ಮೇಲಧಿಕಾರಿಯೂ ಆದ ಸ್ಟ್ರಾಕನ್ ಸಾಹೇಬರು ಒಂದು ಮಿನಿ ಬಸ್ಸು ಗೊತ್ತುಮಾಡಿದರು. ತಮ್ಮ ಬ್ಯಾಗ್‌ಪೈಪಿಗೆ ಎಣ್ಣೆ ಹಚ್ಚಿದರು. ಎಫಿ ಬೆಟ್ಟದ ಆಕಾರದ ಕೇಕು ಮಾಡಿದಳು. ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹನ್ನೆರಡು ಜನ ಹೊರಟರು. ಅವರಲ್ಲಿ ಒಂಬತ್ತು ಜನ ಕೇಕಿಗಾಗಿ ಬಂದವರು.

ಫರ್ಗಸ್ ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡ. ಬೆಟ್ಟ ಹತ್ತುವುದಕ್ಕೆ ಅವನು ಅಷ್ಟು ಹೆದರಿರಲಿಲ್ಲ. ಊರೊಳಗೆ ಬಸ್ಸು ನಿಲ್ಲದಿದ್ದರೆ ಸಾಕಾಗಿತ್ತು. ಹನ್ನೊಂದು ವರ್ಷ ಕಾಪಾಡಿಕೊಂಡ ಸಂಸಾರದ ನಂಬಿಕೆ ಆ ಒಂದು ಬೀದಿಯ ಜನರ ಬಾಯಲ್ಲಿತ್ತು.

"ಡ್ರೈವರ್, ನೇರ ಬೆಟ್ಟದ ಬುಡಕ್ಕೆ ಬಿಡಪ್ಪಾ," ಎಂದ. "ಊರೊಳಗೆ ನೋಡೋಕೆ ಏನೂ ಇಲ್ಲ."

"ಏನೂ ಇಲ್ಲಾಂದ್ರೆ? ಶೌಚಾಲಯ ಇದೆಯಲ್ಲ," ಎಂದರು ಸ್ಟ್ರಾಕನ್ ಸಾಹೇಬರು. "ಇಡೀ ಜಿಲ್ಲೆಗೇ ಚೆನ್ನಾಗಿರೋ ಶೌಚಾಲಯ ಅಂತ ಬಹುಮಾನ ಬಂದಿದೆ. ನಿಲ್ಸು, ಎಲ್ಲರೂ ಹೋಗಿಬರಲಿ."

ಬಸ್ಸು ನಿಂತಿತು. ಶೌಚಾಲಯ ಇದ್ದದ್ದು ಶೋನಾಳ ಟೀ ಅಂಗಡಿಯ ಎದುರಿಗೇ. ಫರ್ಗಸ್ ಉಣ್ಣೆ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಇಳಿದ. ಎರಡು ಹೆಜ್ಜೆ ಇಟ್ಟಿರಲಿಲ್ಲ.

"ಏನಯ್ಯಾ ಫರ್ಗಸ್!" ಮಾಂಸದಂಗಡಿಯ ಬಾಗಿಲಿನಿಂದ ಟಾರ್ಕಿಲ್ ಕೂಗಿದ. ರಕ್ತ ಮೆತ್ತಿದ ಏಪ್ರನ್ನು, ಕೈಯಲ್ಲಿ ಕತ್ತಿ, ಮುಖದ ತುಂಬ ನಗು. "ಇವತ್ತೇನು ಇಷ್ಟು ಬೇಗ? ಅದ್ಯಾಕೋ ಕಳ್ಳನ ಹಾಗೆ ಟೋಪಿ ಹಾಕ್ಕೊಂಡಿದ್ದೀಯಾ?"

ಎಫಿ ತಿರುಗಿ ನೋಡಿದಳು. "ಯಾರೋ ಅದು? ನಿನ್ನ ಹೆಸರು ಹೇಗೆ ಗೊತ್ತು?"

"ಇಲ್ಲಿ ಹಾಗೇ ಕಣೇ," ಎಂದ ಫರ್ಗಸ್. "ಪ್ರವಾಸಿಗರ ಊರಲ್ವಾ, ಗಂಡಸರನ್ನೆಲ್ಲ ಫರ್ಗಸ್ ಅಂತಲೇ ಕರೀತಾರೆ. ಮರ್ಯಾದೆಗೆ."

ಎಫಿಗೆ ಅದು ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಶೌಚಾಲಯದ ಸಾಲಿನಲ್ಲಿ ಜಾಗ ಹಿಡಿಯಬೇಕಾಗಿದ್ದರಿಂದ ಹೋದಳು. ಫರ್ಗಸ್ ಒಂದೇ ನೆಗೆತಕ್ಕೆ ಬೀದಿ ದಾಟಿ ಟಾರ್ಕಿಲ್‌ನನ್ನು ಅಂಗಡಿಯೊಳಕ್ಕೆ ತಳ್ಳಿಕೊಂಡು ಹೋದ.

"ನಿನ್ನ ಕೈಮುಗೀತೀನಿ ಮಾರಾಯ. ಇವತ್ತೊಂದು ದಿನ ನಾನು ನಿನಗೆ ಗೊತ್ತಿಲ್ಲ."

"ಯಾಕೆ, ಏನು ಮಾಡಿದೀಯ? ಪೊಲೀಸಾ?"

"ಪೊಲೀಸಾದ್ರೆ ಚೆನ್ನಾಗಿತ್ತು. ಹೆಂಡತಿ ಬಂದಿದ್ದಾಳೆ." ಫರ್ಗಸ್ ನಾಲ್ಕು ಮಾತಿನಲ್ಲಿ ಎಲ್ಲ ಹೇಳಿದ.

ಟಾರ್ಕಿಲ್ ಕತ್ತಿ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡ. "ಇನ್ನೂರ ನಲವತ್ತು ಬೆಟ್ಟ! ನಮ್ಮ ಶೋನಾ ಅಂಗಡೀಲಿ ಕೂತು! ಭಲೇ ಫರ್ಗಸ್. ನೀನು ಏನೂ ಯೋಚ್ನೆ ಮಾಡಬೇಡ. ಈ ಊರು ನಿನ್ನ ಕೈ ಬಿಡಲ್ಲ. ನಾನು ಎಲ್ಲರಿಗೂ ಹೇಳ್ತೀನಿ."

"ಎಲ್ಲರಿಗೂ ಹೇಳಬೇಡ!" ಎಂದು ಫರ್ಗಸ್ ಅರಚುವಷ್ಟರಲ್ಲಿ ಟಾರ್ಕಿಲ್ ಹಿತ್ತಲ ಬಾಗಿಲಿನಿಂದ ಹೊರಬಿದ್ದಾಗಿತ್ತು.

ಕಿಂಡಾರಕ್‌ನಲ್ಲಿ ಸುದ್ದಿ ಹಬ್ಬಲು ಕಾಲು ಗಂಟೆ ಬೇಕು. ಬಹುಮಾನದ ಶೌಚಾಲಯಕ್ಕೆ ಹನ್ನೆರಡು ಜನ ಹೋಗಿಬರಲೂ ಅಷ್ಟೇ ಬೇಕು. ಸಂಘದವರು ಮತ್ತೆ ಬೀದಿಗೆ ಬಂದಾಗ ಇಡೀ ಊರು ಫರ್ಗಸ್ಸನನ್ನು ಗುರುತಿಸದೇ ಇರಲು ಸಜ್ಜಾಗಿ ನಿಂತಿತ್ತು. ಅಂಚೆ ಕಚೇರಿಯ ಮುದುಕಿ ಅವನನ್ನು ಕಂಡೊಡನೆ ಗೋಡೆಯ ಕಡೆ ತಿರುಗಿ ಸುಣ್ಣ ಓದತೊಡಗಿದಳು. ಬೆಂಚಿನ ಮೇಲಿದ್ದ ಮೂವರು ಮುದುಕರು ಒಂದೇ ಪತ್ರಿಕೆಯ ಹಿಂದೆ ತಲೆ ಮರೆಸಿಕೊಂಡರು. ಉಣ್ಣೆ ಅಂಗಡಿಯಾಕೆಯಂತೂ ತಡೆಯಲಾರದೆ ಬಾಗಿಲಿಗೇ ಬಂದು ಎಫಿಯ ಕೈ ಹಿಡಿದುಕೊಂಡಳು.

"ಅಮ್ಮಾ, ನಿಮ್ಮ ಜೊತೆ ಇದ್ದಾರಲ್ಲ, ಅವರನ್ನ ನಾವು ನೋಡೇ ಇಲ್ಲ. ಅದರಲ್ಲೂ ಶನಿವಾರ ನೋಡೇ ಇಲ್ಲ."

"ಹೌದಾ?" ಎಂದಳು ಎಫಿ.

"ಕಿಟಕಿ ಹತ್ತಿರ ಅಂತೂ ಯಾವತ್ತೂ ಕೂತಿಲ್ಲ," ಎಂದಿತು ಪತ್ರಿಕೆಯ ಹಿಂದಿನಿಂದ ಒಂದು ದನಿ.

ಎಫಿ ಗಂಡನ ಮುಖ ನೋಡಿದಳು. ಗಂಡ ಆಕಾಶ ನೋಡಿದ. ಆಕಾಶ ಅವನ ಮೇಲೆ ಕರುಣೆ ತೋರಿತು. ಬೆನ್ ಗಾರವ್ ಕಡೆಯಿಂದ ಮಂಜು ಇಳಿಯತೊಡಗಿತ್ತು.

"ಮಂಜು ದಟ್ಟವಾಗೋದಕ್ಕೆ ಮುಂಚೆ ಹೊರಡೋಣ!" ಎಂದು ಅವನು ಎಲ್ಲರಿಗಿಂತ ಮುಂದೆ ಓಡಿದ. ಪದ್ಧತಿಯ ಪ್ರಕಾರ ಕಡೆಯ ಬೆಟ್ಟದಲ್ಲಿ ದಾರಿ ತೋರಿಸಬೇಕಾದವನೂ ಅವನೇ. ಎಂಥಾ ಹುಮ್ಮಸ್ಸು ನೋಡಿ ಎಂದು ಸ್ಟ್ರಾಕನ್ ಸಾಹೇಬರು ಹೆಮ್ಮೆಪಟ್ಟರು.

ಪೈನ್ ಮರಗಳ ನಡುವೆ ದಾರಿ ಎರಡಾಗುತ್ತದೆ. ಎಡದ್ದು ಬೆಟ್ಟಕ್ಕೆ. ಬಲದ್ದು ಕಾಡು ಸುತ್ತಿ ಊರಿನ ಹಿಂಬದಿಗೆ. ಫಲಕ ಮಂಜಿನಲ್ಲಿ ಮುಳುಗಿತ್ತು. ಅಷ್ಟು ಹೊತ್ತಿಗೆ ಫರ್ಗಸ್ಸನ ಉಸಿರು ಕಮ್ಮಾರನ ತಿದಿಯಂತೆ ಹೊಡೆದುಕೊಳ್ಳುತ್ತಿತ್ತು. ಎಡದ ದಾರಿ ಕಡಿದಾಗಿತ್ತು, ಬಲದ್ದು ಸಪಾಟಾಗಿತ್ತು. ಅವನ ಕಾಲು ಅವನನ್ನು ಕೇಳದೆ ಬಲಕ್ಕೆ ತಿರುಗಿತು.

ಎರಡು ಗಂಟೆ ನಡೆದರು. ಒಬ್ಬರ ಬೆನ್ನು ಇನ್ನೊಬ್ಬರಿಗೆ ಕಾಣದಷ್ಟು ಮಂಜು. ಸ್ಟ್ರಾಕನ್ ಸಾಹೇಬರು ಸಂಘದ ಅಧ್ಯಕ್ಷರೇನೋ ಹೌದು, ಆದರೆ ಹತ್ತುವುದಕ್ಕಿಂತ ಹತ್ತಿಸುವುದರಲ್ಲೇ ಅವರಿಗೆ ಪ್ರೀತಿ. ಅದೂ ಅಲ್ಲದೆ ಅವರ ಕನ್ನಡಕದ ಮೇಲೆ ಮಂಜು ಕಟ್ಟಿತ್ತು.

"ಫರ್ಗಸ್, ಇಲ್ಲಿ ಹುಲ್ಲು ಯಾರೋ ಕತ್ತರಿಸಿಟ್ಟ ಹಾಗಿದೆಯಲ್ಲ?"

"ಕುರಿಗಳು ಸಾರ್," ಎಂದ ಫರ್ಗಸ್ ಏದುಸಿರು ಬಿಡುತ್ತ.

"ಬಹಳ ಶಿಸ್ತಿನ ಕುರಿಗಳು."

ಸ್ವಲ್ಪ ಹೊತ್ತಿಗೆ ಒಂದು ದಿಬ್ಬ ಸಿಕ್ಕಿತು. ಹತ್ತಿದರು. ಮೇಲೆ ಸಮತಟ್ಟು ಜಾಗ, ನಡುವೆ ಒಂದು ಕೋಲು, ಕೋಲಿಗೊಂದು ಪುಟ್ಟ ಬಾವುಟ. ಇನ್ನು ಒಂದು ಹೆಜ್ಜೆಯನ್ನೂ ಇಡಲಾರದ ಫರ್ಗಸ್ಸನಿಗೆ ಆ ಕೋಲು ದೇವರೇ ನೆಟ್ಟಂತೆ ಕಂಡಿತು.

"ಇದೇ ಶಿಖರ," ಎಂದು ಅವನು ಕುಸಿದು ಕೂತ.

"ಬಾವುಟದ ಮೇಲೆ ಹದಿನೇಳು ಅಂತಿದೆ," ಎಂದರು ಸಾಹೇಬರು, ಮೂಗು ತಾಗಿಸಿ ನೋಡುತ್ತ.

"ನಮಗಿಂತ ಮುಂಚೆ ಹದಿನಾರು ತಂಡ ಬಂದಿರಬೇಕು ಸಾರ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಎಫಿಯ ಕಣ್ಣು ತುಂಬಿ ಬಂತು. ಬೆಳಗಿನ ಅನುಮಾನವನ್ನೆಲ್ಲ ಮರೆತು ಗಂಡನ ಕೆನ್ನೆಗೆ ಮುತ್ತಿಟ್ಟಳು. ಫರ್ಗಸ್ಸನಿಗೆ ಆ ಮುತ್ತು ಕಪಾಳಕ್ಕೆ ಹೊಡೆದಂತಾಯಿತು. ಸಾಹೇಬರು ಕ್ಯಾಮೆರಾ ತೆಗೆದು ಬಾವುಟದ ಜೊತೆ ಫರ್ಗಸ್, ಕೇಕಿನ ಜೊತೆ ಫರ್ಗಸ್, ಬರೀ ಫರ್ಗಸ್ ಎಂದು ಇಡೀ ರೀಲು ಮುಗಿಸಿದರು. ಆಮೇಲೆ ಬ್ಯಾಗ್‌ಪೈಪನ್ನು ಕಂಕುಳಿಗೆ ಸಿಕ್ಕಿಸಿ ಊದಿದರು. ಎಫಿ ಕೇಕು ಕತ್ತರಿಸಲು ಚಾಕು ಎತ್ತಿದಳು.

ಎಲ್ಲಿಂದಲೋ ಸುಂಯ್ ಎಂದು ಬಂದ ಒಂದು ಬಿಳಿ ಚೆಂಡು ಕೇಕಿನ ನೆತ್ತಿಗೆ ಬಡಿದು ಒಳಗೆ ಇಳಿದುಹೋಯಿತು.

"ಯಾರ್ರೀ ಅದು, ಹದಿನೇಳನೇ ಕುಳಿ ಮೇಲೆ ನಿಂತು ಹಂದಿ ಕೊಯ್ತಾ ಇರೋರು?" ಎಂದು ಒಂದು ದನಿ ಗುಡುಗಿತು. ಗಾಳಿ ಬೀಸಿತು. ಅದೇ ಕ್ಷಣಕ್ಕೆ ಮಂಜು ಪರದೆ ಸರಿಸಿದಂತೆ ಸರಿಯಿತು. ಎದುರಿಗೆ ಕೈಯಲ್ಲಿ ಗಾಲ್ಫ್ ಕೋಲು ಹಿಡಿದ ಪಾದ್ರಿ ಗಿಲ್ಲೀಸ್. ಅವರ ಹಿಂದೆ ಹಸಿರು ಮೈದಾನ. ಮೈದಾನದಾಚೆ ಇನ್ನೂರು ಗಜ ದೂರದಲ್ಲಿ ಶೋನಾಳ ಟೀ ಅಂಗಡಿಯ ಹಿತ್ತಲು, ಅಲ್ಲಿ ಒಣಹಾಕಿದ ಮೇಜುಬಟ್ಟೆಗಳು. ಬೆನ್ ಗಾರವ್ ಮಾತ್ರ ಇವರೆಲ್ಲರ ಬೆನ್ನ ಹಿಂದೆ, ಮೂರು ಸಾವಿರ ಅಡಿ ಎತ್ತರಕ್ಕೆ, ಬಿಸಿಲಲ್ಲಿ ಮಿಂದು ನಿಂತಿತ್ತು.

ಪಾದ್ರಿಗಳು ಫರ್ಗಸ್ಸನನ್ನು ನೋಡಿದರು. ಟಾರ್ಕಿಲ್ ಹೇಳಿದ್ದು ನೆನಪಾಯಿತು. ಅವರು ಕೋಲನ್ನು ಎದೆಗೆ ಒತ್ತಿಕೊಂಡು ಗಂಭೀರವಾಗಿ ಹೇಳಿದರು: "ನಾನು ನಿನ್ನನ್ನ ಗುರುತಿಸಿಲ್ಲ ಫರ್ಗಸ್. ಭಗವಂತನಾಣೆ ಗುರುತಿಸಿಲ್ಲ."

ಬ್ಯಾಗ್‌ಪೈಪಿನಲ್ಲಿ ಉಳಿದಿದ್ದ ಗಾಳಿ ಸಣ್ಣಗೆ ನರಳಿಕೊಂಡು ಹೊರಗೆ ಬಂತು.

"ನನಗೆ ಒಂದು ಟೀ ಬೇಕು," ಎಂದಳು ಎಫಿ, ಬಹಳ ಮೆಲ್ಲಗೆ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಆ ಮೆಲುದನಿಯನ್ನು ಫರ್ಗಸ್ ಎರಡೇ ಸಲ ಕೇಳಿದ್ದ.

ಟೀ ಅಂಗಡಿಯಲ್ಲಿ ಶೋನಾ ಸಿದ್ಧವಾಗಿದ್ದಳು. ಅರವತ್ತು ದಾಟಿದ, ದುಂಡುಮುಖದ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಬೆಳಿಗ್ಗೆಯಿಂದ ತನ್ನ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದಳು.

"ಬನ್ನಿ ಬನ್ನಿ, ಯಾರೋ ಹೊಸಬರು!" ಎಂದಳು ಗಟ್ಟಿಯಾಗಿ. ಆಮೇಲೆ ಫರ್ಗಸ್ಸನ ಕಡೆ ತಿರುಗಿ, "ನಿಮ್ಮನ್ನ ನಾನು ನೋಡೇ ಇಲ್ಲ ಸ್ವಾಮಿ. ಕೂತ್ಕೊಳ್ಳಿ. ಹಾಲು ಮೊದಲು, ಸಕ್ಕರೆ ಎರಡು ಚಮಚ, ಜಾಮು ಬೆಣ್ಣೆ ಮೇಲೆ ಅಲ್ವಾ?" ಎಂದು ಕೇಳಿ, ಕಿಟಕಿ ಪಕ್ಕದ ಕುರ್ಚಿಯ ದಿಂಬನ್ನು ತಟ್ಟಿ ಉಬ್ಬಿಸಿದಳು.

ಫರ್ಗಸ್ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ಹೆಂಡತಿಯ ಮುಂದೆ, ಮೇಲಧಿಕಾರಿಯ ಮುಂದೆ, ಒಂಬತ್ತು ಜನ ಸಹೋದ್ಯೋಗಿಗಳ ಮುಂದೆ ಹನ್ನೊಂದು ವರ್ಷದ ಕತೆ ಹೇಳಿ ಮುಗಿಸಲು ಐದು ನಿಮಿಷವೂ ಬೇಕಾಗಲಿಲ್ಲ.

ಸ್ಟ್ರಾಕನ್ ಸಾಹೇಬರು ಕುರ್ಚಿಗೆ ಒರಗಿದರು. "ಇನ್ನೂರ ನಲವತ್ತು! ಅಯ್ಯೋ, ಪ್ರತಿ ಬೆಟ್ಟಕ್ಕೂ ನಾನು ಸೂಚನಾ ಫಲಕದಲ್ಲಿ ಅಭಿನಂದನೆ ಬರೆದು ಹಾಕಿದ್ದೆನಲ್ಲಯ್ಯಾ. ಬಣ್ಣದ ಸೀಮೆಸುಣ್ಣದಲ್ಲಿ!"

ಎಫಿ ಕೂಗಾಡಲಿಲ್ಲ. "ಚಳಿಗಾಲದಲ್ಲಿ ಗಾಳಿ ಬೀಸಿದಾಗೆಲ್ಲ ನಾನು ಬಾಗಿಲ ಹತ್ತಿರಾನೇ ಕೂತಿರ್ತಿದ್ದೆ," ಎಂದಳು. "ಎಲ್ಲಿ ಜಾರಿ ಬಿದ್ಯೋ, ಎಲ್ಲಿ ಹಿಮದಲ್ಲಿ ಸಿಕ್ಕೊಂಡ್ಯೋ ಅಂತ. ಒಂದ್ಸಲ ನೀನು ಎರಡು ಗಂಟೆ ತಡವಾಗಿ ಬಂದಾಗ ನಾನು ಅತ್ತುಬಿಟ್ಟಿದ್ದೆ. ಆವತ್ತು ಎಲ್ಲಿದ್ದೆ?"

"ಆವತ್ತು ಟಾರ್ಕಿಲ್ ಇಸ್ಪೀಟಲ್ಲಿ ಸೋಲ್ತಾನೇ ಇರಲಿಲ್ಲ," ಎಂದ ಫರ್ಗಸ್, ತಲೆ ತಗ್ಗಿಸಿ.

ಅವನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಇಷ್ಟು ವರ್ಷ ಸಿಕ್ಕಿಬೀಳುವ ಭಯವಿತ್ತೇ ಹೊರತು ಇವಳು ಬಾಗಿಲ ಬಳಿ ಕೂತಿರುತ್ತಾಳೆಂಬುದು ಅವನ ತಲೆಗೆ ಹೊಳೆದಿರಲೇ ಇಲ್ಲ.

ಶೋನಾ ಸದ್ದಿಲ್ಲದೆ ಎಫಿಯ ಮುಂದೆ ಒಂದು ಬಿಸಿ ಸ್ಕೋನು ಇಟ್ಟಳು. "ತಿನ್ನಮ್ಮಾ. ಕೋಪ ಮಾಡ್ಕೊಳ್ಳೋಕೂ ಹೊಟ್ಟೇಲಿ ಏನಾದ್ರೂ ಇರಬೇಕು."

ಎಫಿ ಒಂದು ತುಂಡು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಸ್ಕೋನನ್ನು ನೋಡಿದಳು, ಗಂಡನನ್ನು ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ, ಆದರೆ ಸ್ವಲ್ಪ ಮಟ್ಟಿಗೆ ಅರ್ಥವಾದಂತಿತ್ತು. ಆಮೇಲೆ ಕಿಟಕಿಯಾಚೆ ಬೆಳಗುತ್ತಿದ್ದ ಬೆನ್ ಗಾರವ್ ಕಡೆ ಬೆರಳು ಮಾಡಿದಳು.

"ಈಗಿನ್ನೂ ಮಧ್ಯಾಹ್ನ ಒಂದು ಗಂಟೆ. ಕತ್ತಲಾಗೋದು ರಾತ್ರಿ ಹತ್ತಕ್ಕೆ. ಹೋಗು."

"ಒಬ್ಬನೇನಾ?"

"ಹನ್ನೊಂದು ವರ್ಷದಿಂದ ಒಬ್ಬನೇ ತಾನೇ ಹತ್ತುತ್ತಾ ಇರೋದು? ಒಂದೇ ಒಂದು ಬೆಟ್ಟ ನನಗೋಸ್ಕರ ನಿಜವಾಗಿ ಹತ್ತಿ ಬಾ. ಹಳೇದೆಲ್ಲ ಮರೀತೀನಿ. ನಾವು ಇಲ್ಲೇ ಕೂತು ಕಿಟಕಿಯಿಂದ ನೋಡ್ತಾ ಇರ್ತೀವಿ."

ಫರ್ಗಸ್ ಹೊರಟ. ಈ ಸಲ ದಾರಿ ಎರಡಾದಲ್ಲಿ ಎಡಕ್ಕೆ ತಿರುಗಿದ.

ಮೊದಲ ಸಾವಿರ ಅಡಿಯಲ್ಲಿ ತಿಂದ ಸ್ಕೋನುಗಳೆಲ್ಲ ಒಂದೊಂದಾಗಿ ನೆನಪಾದವು. ಎರಡನೇ ಸಾವಿರದಲ್ಲಿ ಗುಂಗಾಡು ಮುತ್ತಿಕೊಂಡು ಕಿವಿ, ಕತ್ತು, ಕಣ್ಣುರೆಪ್ಪೆ ಯಾವುದನ್ನೂ ಬಿಡದೆ ಕಚ್ಚಿತು. ಹೊಸದರಂತೆಯೇ ಇದ್ದ ಹಳೆಯ ಬೂಟು ಎರಡೂ ಹಿಮ್ಮಡಿ ತಿಂದಿತು. ನಾಲ್ಕು ಸಲ ಕೂತ, ಎರಡು ಸಲ ಅತ್ತ, ಒಂದು ಸಲ ವಾಪಸು ತಿರುಗಿ ಹತ್ತು ಹೆಜ್ಜೆ ಇಳಿದೂಬಿಟ್ಟ. ಬಾಗಿಲ ಬಳಿ ಕೂತ ಎಫಿಯನ್ನು ನೆನೆದು ಮತ್ತೆ ಹತ್ತಿದ. ಕಡೆಯ ಸಾವಿರ ಅಡಿ ಬಂಡೆಯೇ ಬಂಡೆ. ಅಲ್ಲಿ ಅವನು ಮಗುವಿನ ಹಾಗೆ ನಾಲ್ಕು ಕಾಲಲ್ಲಿ ಹೋದ.

ನಾಲ್ಕೂವರೆಗೆ ತುದಿಯ ಕಲ್ಲುಗುಪ್ಪೆಗೆ ಕೈ ತಾಗಿಸಿದ. ಎದ್ದು ನಿಂತು ನೋಡಿದ. ಸುತ್ತಲೂ ಬೆಟ್ಟದ ಹಿಂದೆ ಬೆಟ್ಟ, ಅವುಗಳ ನಡುವೆ ತಟ್ಟೆಗಳಂತೆ ಹೊಳೆಯುವ ಆರು ಕೆರೆ, ದೂರದಲ್ಲಿ ಪಶ್ಚಿಮದ ಕಡಲು. ಕೆಳಗೆ ಒಂದು ಹೆಣ್ಣು ಜಿಂಕೆ ತನ್ನ ಮರಿಯನ್ನು ನೆಕ್ಕುತ್ತಿತ್ತು. ಇಷ್ಟೆಲ್ಲ ಇಲ್ಲೇ ಇತ್ತೇ ಎಂದು ಅವನಿಗೆ ಎದೆ ತುಂಬಿ ಬಂತು. ಇನ್ನೂರ ನಲವತ್ತು ಕಡೆ ತಾನು ಕಳೆದುಕೊಂಡದ್ದು ಏನೆಂದು ಆ ಕ್ಷಣ ತಿಳಿಯಿತು. ಗುಪ್ಪೆಯಿಂದ ಒಂದು ಸಣ್ಣ ಕಲ್ಲನ್ನು ಎತ್ತಿ ಎಫಿಗೆಂದು ಜೇಬಿಗೆ ಹಾಕಿಕೊಂಡ. ಬಹಳ ವರ್ಷದ ಮೇಲೆ ಅವನ ಮನಸ್ಸು ಹಗುರವಾಗಿತ್ತು. ಇಳಿಯುವಾಗ ಹಾಡಿಕೊಂಡೇ ಇಳಿದ.

ಏಳು ಗಂಟೆಗೆ ಟೀ ಅಂಗಡಿಯ ಬಾಗಿಲು ತಳ್ಳಿದಾಗ ಒಳಗೆ ಮದುವೆಮನೆಯ ಗದ್ದಲ. ಸಂಘದವರೂ ಊರವರೂ ಬೆರೆತು ಹೋಗಿದ್ದರು. ಸ್ಟ್ರಾಕನ್ ಸಾಹೇಬರು ಆರನೇ ಸ್ಕೋನಿನಲ್ಲಿದ್ದರು. ಟಾರ್ಕಿಲ್ ಒಂಬತ್ತು ಜನರಿಗೂ ಇಸ್ಪೀಟು ಹಂಚುತ್ತಿದ್ದ. ಕಿಟಕಿ ಪಕ್ಕದ ಕುರ್ಚಿಯಲ್ಲಿ, ದಿಂಬಿಗೆ ಒರಗಿ, ಎಫಿ ಕೂತಿದ್ದಳು. ಅವಳ ಬೆನ್ನು ಕಿಟಕಿಗಿತ್ತು.

"ಹತ್ತಿದೆ!" ಎಂದು ಫರ್ಗಸ್ ಕೂಗಿದ. "ಎಫೀ, ಹತ್ತಿಬಿಟ್ಟೆ ಕಣೇ! ಆರು ಕೆರೆ ಕಾಣುತ್ತೆ! ಕಡಲು ಕಾಣುತ್ತೆ! ಜಿಂಕೆ ಮರಿ..."

ಸ್ಟ್ರಾಕನ್ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದೆಲ್ಲ ಮಾರ್ಗದರ್ಶಿ ಪುಸ್ತಕದ ನಲವತ್ತನೇ ಪುಟದಲ್ಲಿದೆಯಲ್ಲಯ್ಯಾ. ಜಿಂಕೆ ಮಾತ್ರ ನಿನ್ನದು. ಹೇಳು, ಪಕ್ಕದೂರಲ್ಲೂ ಟೀ ಅಂಗಡಿ ಇದೆಯಾ?"

"ಸಾರ್, ನೀವೆಲ್ಲ ಕಿಟಕಿಯಿಂದ ನೋಡ್ತೀವಿ ಅಂದ್ರಲ್ಲ?"

ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಹತ್ತು ನಿಮಿಷ ನೋಡಿದ್ದರು. ಆಮೇಲೆ ಜಾಮು ಬಂದಿತ್ತು.

ಫರ್ಗಸ್ ಜೇಬಿನಿಂದ ಕಲ್ಲು ತೆಗೆದು ಎಫಿಯ ಅಂಗೈಯಲ್ಲಿಟ್ಟ. ಅವಳು ಅದನ್ನು ತಿರುಗಿಸಿ ನೋಡಿದಳು. ಗಂಡನ ಊದಿದ ಕಿವಿ, ಕೆಂಪಾದ ಕಣ್ಣು ನೋಡಿದಳು. ಅವಳಿಗೆ ನಂಬಬೇಕೆಂದು ಬಹಳ ಆಸೆಯಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

"ನಿಜವಾಗ್ಲೂ ಹತ್ತಿದ್ಯಾ?" ಎಂದಳು.

ಅವನು ಬಾಯಿ ತೆರೆದ. ಆದರೆ ಕಿಂಡಾರಕ್ ಊರು ಅವನ ಕೈ ಬಿಡುವುದಿಲ್ಲವೆಂದು ಮಾತು ಕೊಟ್ಟಿತ್ತು.

"ನಾನೇ ಕಣ್ಣಾರೆ ನೋಡಿದೆ!" ಎಂದು ಟಾರ್ಕಿಲ್ ಎದ್ದು ನಿಂತ. "ತುದೀಲಿ ನಿಂತು ಟೋಪಿ ಬೀಸಿದ!"

ಟೋಪಿ ಮಧ್ಯಾಹ್ನದಿಂದ ಬಾಗಿಲ ಹಿಂದಿನ ಗೂಟದಲ್ಲೇ ನೇತಾಡುತ್ತಿತ್ತು. ಎಲ್ಲರೂ ಅದರ ಕಡೆ ನೋಡಿದರು.

"ನಾನೂ ನೋಡಿದೆ," ಎಂದರು ಪಾದ್ರಿ ಗಿಲ್ಲೀಸ್. "ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದ್ದ. ಭಗವಂತನಾಣೆ."

"ನಮ್ಮ ತೋಟದಿಂದ ಅವನ ಹಾಡು ಕೇಳಿಸ್ತು," ಎಂದರು ಮೂವರು ಮುದುಕರಲ್ಲಿ ಒಬ್ಬರು. "ಎರಡು ಸಲ ಹತ್ತಿದ. ಮರೆತು ಕೆಳಗಿಳಿದು ಮತ್ತೆ ಹತ್ತಿದ."

"ಅವರು ಬೆಟ್ಟ ಹತ್ತೋದನ್ನ ನಾವು ನೋಡೇ ಇದ್ದೀವಿ ಅಮ್ಮಾ," ಎಂದಳು ಉಣ್ಣೆ ಅಂಗಡಿಯಾಕೆ. "ಅದರಲ್ಲೂ ಶನಿವಾರ ನೋಡೇ ಇದ್ದೀವಿ."

ಫರ್ಗಸ್ ಅಸಹಾಯಕನಾಗಿ ಕೈಯೆತ್ತಿದ. "ಸುಮ್ಮನಿರ್ರೋ! ನಾನು ನಿಜವಾಗ್ಲೂ ಹತ್ತಿದ್ದೀನಿ ಕಣ್ರೋ!"

"ಕೇಳಿದ್ರಾ, ಅವನೇ ಹೇಳ್ತಿದ್ದಾನೆ," ಎಂದ ಟಾರ್ಕಿಲ್, ಎಫಿಯ ಕಡೆ ಕಣ್ಣು ಮಿಟುಕಿಸಿ.

ಎಫಿಯ ಮುಖದಲ್ಲಿದ್ದ ಬೆಳಕು ಮೆಲ್ಲನೆ ಆರಿತು. ಅವಳು ಕಲ್ಲನ್ನು ಸಕ್ಕರೆ ಬಟ್ಟಲಿನ ಪಕ್ಕದಲ್ಲಿಟ್ಟಳು. ಸಿಟ್ಟಾಗಿದ್ದರೆ ಫರ್ಗಸ್ ತಡೆದುಕೊಳ್ಳುತ್ತಿದ್ದ. ಅವಳು ಅವನ ಕೈ ತಟ್ಟಿದಳು.

"ಹೋಗಲಿ ಬಿಡು. ವಯಸ್ಸಾಯ್ತು, ಆಗಲಿಲ್ಲ ಅಂತ ಹೇಳಿದ್ರೆ ಆಗ್ತಿತ್ತು. ಪ್ರಯತ್ನ ಮಾಡಿರ್ತೀಯ, ಕಿವಿ ನೋಡಿದ್ರೆ ಗೊತ್ತಾಗುತ್ತೆ. ಕಾಡಿನವರೆಗಂತೂ ಹೋಗಿದ್ದೀಯ."

ಸ್ಟ್ರಾಕನ್ ಸಾಹೇಬರು ತುಟಿಯ ಜಾಮು ಒರೆಸಿಕೊಂಡು ಎದ್ದು ನಿಂತರು. ಅಧ್ಯಕ್ಷರ ಧಾಟಿ ಬಂದಿತ್ತು. "ಸಂಘದ ನಿರ್ಣಯ. ಇನ್ನು ಮುಂದೆ ಪ್ರತಿ ಶನಿವಾರದ ಸಭೆ ಇಲ್ಲೇ, ಈ ಅಂಗಡೀಲಿ. ಫರ್ಗಸ್ ಹತ್ತದೇ ಬಿಟ್ಟ ಬೆಟ್ಟಗಳನ್ನೆಲ್ಲ ಒಂದೊಂದಾಗಿ ಹತ್ತಬೇಕು. ಪ್ರತಿ ಸಲ ಸಂಘದ ಒಬ್ಬರು ಸಾಕ್ಷಿಯಾಗಿ ಅವನ ಹಿಂದೆ ಹೋಗ್ತಾರೆ, ಸರದಿ ಪ್ರಕಾರ. ಉಳಿದವರು ಇಲ್ಲಿ ಕೂತು ಕಾಯ್ತೀವಿ. ಒಪ್ಪಿಗೆಯಾ?"

ಒಂಬತ್ತು ಕೈ ಮೇಲೆದ್ದವು. ಹುರುಪಿನಲ್ಲಿ ಊರವರೂ ಕೈಯೆತ್ತಿದರು.

"ಎಷ್ಟು ಬಾಕಿ ಅಂತಾಯ್ತು?" ಎಂದು ಫರ್ಗಸ್ ಕೇಳಿದ.

"ಇನ್ನೂರ ನಲವತ್ತೊಂದು," ಎಂದಳು ಎಫಿ. "ಇವತ್ತಿನದೂ ಸೇರಿ."

ಹೊರಗೆ ಮಿನಿ ಬಸ್ಸು ಹಾರನ್ ಹೊಡೆಯಿತು. ಎಲ್ಲರೂ ಕೋಟು ಹುಡುಕತೊಡಗಿದರು. ಎಫಿ ದಿಂಬನ್ನು ಸರಿಮಾಡಿ ಎದ್ದು ಶೋನಾಳ ಹತ್ತಿರ ಹೋದಳು.

"ಮುಂದಿನ ಶನಿವಾರ ಈ ಕಿಟಕಿ ಮೇಜು ನನಗೆ ಇಟ್ಟಿರ್ತೀರಾ?"

"ಅದಕ್ಕೇನಮ್ಮಾ, ಧಾರಾಳವಾಗಿ. ಇಬ್ಬರಿಗಾ?"

"ಒಬ್ಬಳಿಗೇ," ಎಂದಳು ಎಫಿ. "ಅವನದನ್ನ ಕಾಗದದಲ್ಲಿ ಕಟ್ಟಿಕೊಡಿ. ಮೇಲೆ ಹೋಗಿ ತಿಂತಾನೆ."